ಬೆಂಗಳೂರಿನ ಮನೆಯೊಂದರಲ್ಲಿ ಡ್ರಾಫ್ಟ್ ಬಿಯರ್: ಒತ್ತಡ, ನೀರು ಮತ್ತು ತೊಳೆಯುವ ಕೆಲಸ

ಮನೆಯಲ್ಲಿ ಡ್ರಾಫ್ಟ್ ಬಿಯರಿನ, ಎಂದರೆ ಕೆಗ್ ಎಂಬ ಲೋಹದ ಪೀಪಾಯಿಯಿಂದ ನಲ್ಲಿಯ ಮೂಲಕ ಲೋಟಕ್ಕೆ ಇಳಿಯುವ ಬಿಯರಿನ ವ್ಯವಸ್ಥೆ ಮಾಡಿಕೊಳ್ಳಲು ಹೊರಟವರಿಗೆ ಸಿಗುವ ಕೈಪಿಡಿಗಳು ಬಹುಮಟ್ಟಿಗೆ ಅಮೆರಿಕದವು. ಅವುಗಳಲ್ಲಿರುವ ಒತ್ತಡದ ಕೋಷ್ಟಕಗಳು ಸಮುದ್ರಮಟ್ಟದ ಲೆಕ್ಕದವು. ಕರೆಂಟು ಹೋಗಬಹುದೆಂಬ ಎಣಿಕೆ ಅವುಗಳಲ್ಲಿಲ್ಲ. ನೀರು ಬೋರ್‌ವೆಲ್ಲಿನಿಂದ ಬರಬಹುದೆಂಬ ಯೋಚನೆಯೂ ಇಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ, ಮಳೆ ಬಂದ ಸಂಜೆ ಕರೆಂಟು ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. ಪುಸ್ತಕದ ವಿಧಾನವನ್ನು ಈ ಸಂಗತಿಗಳಿಗೆ ಹೊಂದಿಸಿಕೊಳ್ಳದಿದ್ದರೆ ಎಷ್ಟೇ ದುಬಾರಿಯ ನಲ್ಲಿ ಹಾಕಿಸಿದರೂ ಅದರಿಂದ ಬರುವುದು ನೊರೆ ಮಾತ್ರ. ನನ್ನ ಮನೆಯ ವ್ಯವಸ್ಥೆಯನ್ನು ನಾನು ನಡೆಸಿಕೊಂಡು ಬಂದಿರುವ ರೀತಿಯನ್ನು ಆ ಹೊಂದಾಣಿಕೆಗಳ ಸಹಿತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವಂತಿಲ್ಲ, ಬಿಯರ್ ಕೂಡ ಅದಕ್ಕೆ ಹೊರತಲ್ಲ. ಹಾಗಾಗಿ ಹೊರದೇಶದ ಹವ್ಯಾಸಿಗಳಂತೆ ಮನೆಯಲ್ಲೇ ಮಾಲ್ಟ್ ಕುದಿಸಿ, ಹುದುಗಿಸಿ, ಕೆಗ್ಗಿಗೆ ತುಂಬುವ ದಾರಿ ನಮಗಿಲ್ಲ. ನಾನು ಹೇಳುತ್ತಿರುವುದು ಬಿಲ್ಲು ಸಹಿತ ತಂದ ಬಿಯರನ್ನು ಮನೆಯಲ್ಲಿ ತಣ್ಣಗಿಟ್ಟು, ಕೆಡದಂತೆ ಕಾಪಾಡಿ, ಲೋಟಕ್ಕೆ ಇಳಿಸುವ ಕೆಲಸದ ಬಗ್ಗೆ ಮಾತ್ರ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಪ್ರಮಾಣಕ್ಕೂ ಮಿತಿಯಿದೆ. ಆರತಕ್ಷತೆಗೋ ಹುಟ್ಟುಹಬ್ಬಕ್ಕೋ ದೊಡ್ಡ ಕೆಗ್ ತರಿಸುವುದಾದರೆ ಸಿಎಲ್-5 ಎಂಬ ಸಾಂದರ್ಭಿಕ ಪರವಾನಗಿಯನ್ನು ಪಡೆಯಬೇಕು. ನಾನು ಮಿತಿಯೊಳಗಿನ ಸಣ್ಣ ಕೆಗ್ಗುಗಳನ್ನೇ ತರುತ್ತೇನೆ ಮತ್ತು ಬಿಲ್ಲನ್ನು ಕೆಗ್ ಖಾಲಿಯಾಗುವವರೆಗೂ ಜೋಪಾನವಾಗಿ ಇಟ್ಟಿರುತ್ತೇನೆ. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಎಂಬ ಬಿಯರ್ ಕಂಪನಿ ಹುಟ್ಟಿದ ಕಾಲದಿಂದ ಬಿಯರಿನೊಂದಿಗೆ ಹೆಸರು ಕೂಡಿಕೊಂಡಿರುವ ಊರಿನಲ್ಲಿ ಇಷ್ಟೊಂದು ಕಾಗದಪತ್ರ ಬೇಕೇ ಎಂದು ಗೆಳೆಯರು ನಗುತ್ತಾರೆ. ಬೇಕು ಎಂಬುದೇ ನನ್ನ ಉತ್ತರ.

ತಣ್ಣಗಿಡುವ ಪೆಟ್ಟಿಗೆಗೆ ಹಳೆಯ ಒಂಟಿ ಬಾಗಿಲಿನ ಫ್ರಿಜ್ ಸಾಕಾಗುತ್ತದೆ, ಆದರೆ ಮೇಲಿನಿಂದ ಮುಚ್ಚಳ ತೆರೆಯುವ ಡೀಪ್ ಫ್ರೀಜರ್ ಹೆಚ್ಚು ಅನುಕೂಲ, ಏಕೆಂದರೆ ಮುಚ್ಚಳ ತೆರೆದಾಗ ತಂಪು ಗಾಳಿ ಕೆಳಗೇ ಉಳಿಯುತ್ತದೆ. ಅದರ ಗೋಡೆಗಳೊಳಗೆ ತಂಪನಿಲದ ಕೊಳವೆಗಳು ಹಾದುಹೋಗಿರುವುದರಿಂದ ನಲ್ಲಿಗಾಗಿ ಅಲ್ಲಿ ತೂತು ಕೊರೆಯುವುದು ಬೇಡ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಬಡಗಿಯಿಂದ ಒಂದು ಮರದ ಚೌಕಟ್ಟನ್ನು ಮಾಡಿಸಿ ಕೂರಿಸಿ, ನಲ್ಲಿಗಳನ್ನು ಆ ಮರದಲ್ಲಿ ಬಿಗಿಯುವುದು ಸುರಕ್ಷಿತ. ಫ್ರೀಜರ್ ತನ್ನ ಪಾಡಿಗೆ ಬಿಟ್ಟರೆ ಬಿಯರನ್ನು ಹೆಪ್ಪುಗಟ್ಟಿಸುತ್ತದೆಯಾದ್ದರಿಂದ ಅದಕ್ಕೂ ಪ್ಲಗ್ ಪಾಯಿಂಟಿಗೂ ನಡುವೆ ಪ್ರತ್ಯೇಕ ತಾಪಮಾನ ನಿಯಂತ್ರಕವನ್ನು ಜೋಡಿಸಬೇಕು. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂತಹ ಡಿಜಿಟಲ್ ನಿಯಂತ್ರಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅದರ ಸೆನ್ಸರನ್ನು ಗಾಳಿಯಲ್ಲಿ ನೇತುಬಿಡದೆ ಕೆಗ್ಗಿನ ಮೈಗೆ ಅಂಟಿಸಿ, ಮೇಲೆ ತುಂಡು ಥರ್ಮಾಕೋಲ್ ಹೊದಿಸಿದರೆ ಅದು ಬಿಯರಿನ ತಾಪವನ್ನೇ ಓದುತ್ತದೆ. ಕಂಪ್ರೆಸರ್ ನಿಂತ ಮೇಲೆ ಮತ್ತೆ ಹತ್ತಲು ಕೆಲವು ನಿಮಿಷಗಳ ಬಿಡುವನ್ನು ಹೊಂದಿಸಿಟ್ಟರೆ ಕಂಪ್ರೆಸರಿನ ಆಯುಷ್ಯವೂ ಹೆಚ್ಚುತ್ತದೆ. ನಾನು 4 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿದ್ದೇನೆ. ಕಂಪ್ಯೂಟರಿನ ಸಣ್ಣ ಫ್ಯಾನೊಂದನ್ನು ಒಳಗಿಟ್ಟು ಗಾಳಿ ತಿರುಗುವಂತೆ ಮಾಡದಿದ್ದರೆ ಪೆಟ್ಟಿಗೆಯ ತಳ ತಣ್ಣಗೂ ನಲ್ಲಿಯ ಮಟ್ಟ ಬೆಚ್ಚಗೂ ಇದ್ದು, ಪ್ರತಿಸಲವೂ ಮೊದಲ ಲೋಟ ನೊರೆಯಾಗುತ್ತದೆ.

ಕರೆಂಟು ಹೋದಾಗ ಫ್ರೀಜರನ್ನು ಮನೆಯ ಯುಪಿಎಸ್‌ಗೆ ಜೋಡಿಸುವ ಆಸೆ ಹುಟ್ಟುತ್ತದೆ. ಕಂಪ್ರೆಸರ್ ಹತ್ತುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತನ್ನು ದೀಪ, ಫ್ಯಾನುಗಳಿಗೆಂದು ಹಾಕಿಸಿದ ಸಾಮಾನ್ಯ ಯುಪಿಎಸ್ ತಡೆಯಲಾರದು. ಅದರ ಬದಲು ಪೆಟ್ಟಿಗೆಯಲ್ಲಿ ಉಳಿದ ಜಾಗವನ್ನೆಲ್ಲ ನೀರು ತುಂಬಿದ ಬಾಟಲಿಗಳಿಂದ ತುಂಬಿಸಿಟ್ಟರೆ, ಒಂದೆರಡು ಗಂಟೆ ಕರೆಂಟು ಇಲ್ಲದಿದ್ದರೂ ಬಿಯರಿನ ತಾಪ ಗಮನಕ್ಕೆ ಬರುವಷ್ಟು ಏರುವುದಿಲ್ಲ. ಮುಚ್ಚಳ ತೆರೆಯದಿರುವುದು ಮುಖ್ಯ.

ಇನ್ನು ಇಂಗಾಲದ ಡೈಆಕ್ಸೈಡ್. ಕೆಗ್ಗಿನಲ್ಲಿರುವ ಬಿಯರನ್ನು ನಲ್ಲಿಯತ್ತ ದೂಡುವುದೂ ಅದರಲ್ಲಿ ಕರಗಿ ನೊರೆ ಕೊಡುವುದೂ ಈ ಅನಿಲವೇ. ಇದರ ಬಗ್ಗೆ ತುಸು ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಈ ವ್ಯವಸ್ಥೆಯಲ್ಲಿ ಸದ್ದಿಲ್ಲದೆ ಜೀವಕ್ಕೆ ಎರವಾಗಬಲ್ಲ ವಸ್ತು ಇದೊಂದೇ. ಐದು ಕಿಲೋ ಅನಿಲವಿರುವ ಸಿಲಿಂಡರ್ ಪೂರ್ತಿ ಸೋರಿದರೆ ಅದು ನಮ್ಮ ಎತ್ತರದಲ್ಲಿ ಸುಮಾರು 3 ಘನ ಮೀಟರ್ ಜಾಗವನ್ನು ತುಂಬುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ಹತ್ತರಷ್ಟಾಗುತ್ತದೆ. ನೂರಕ್ಕೆ ನಾಲ್ಕರಷ್ಟಾದರೇ ಜೀವಕ್ಕೆ ತಕ್ಷಣದ ಅಪಾಯವೆಂದು ಕೈಗಾರಿಕಾ ಸುರಕ್ಷತೆಯ ಮಾನದಂಡಗಳು ಹೇಳುತ್ತವೆ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿ, ಎಂದರೆ ಮಕ್ಕಳು ಆಡುವ ಮತ್ತು ಹಾಸಿಗೆ ಹಾಸಿ ಮಲಗುವ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರನ್ನು ಮಲಗುವ ಕೋಣೆಯಲ್ಲಾಗಲಿ ಹವಾನಿಯಂತ್ರಣ ಹಾಕಿ ಬಾಗಿಲು ಮುಚ್ಚುವ ಹಾಲಿನಲ್ಲಾಗಲಿ ಇಡಬಾರದು. ಅಡುಗೆಮನೆಗೆ ಹೊಂದಿಕೊಂಡ, ಜಾಲರಿಯ ಕಿಟಕಿಯಿರುವ ಯುಟಿಲಿಟಿ ನಮ್ಮ ಫ್ಲ್ಯಾಟುಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿಯೂ ಸರಪಳಿಯಿಂದ ಗೋಡೆಗೆ ಕಟ್ಟಿ ನೆಟ್ಟಗೆ ನಿಲ್ಲಿಸಿರಬೇಕು, ಮತ್ತು ನೇರ ಬಿಸಿಲು ಬೀಳದಂತಿರಬೇಕು. 31 ಡಿಗ್ರಿ ದಾಟಿದ ಮೇಲೆ ಈ ವಸ್ತು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾದ ಸಿಲಿಂಡರಿನೊಳಗಿನ ಒತ್ತಡ 74 ಬಾರ್, ಎಂದರೆ ಹೊರಗಿನ ಗಾಳಿಯ ಒತ್ತಡದ ಎಪ್ಪತ್ತು ಪಟ್ಟಿಗೂ ಮೀರಿ ಏರುತ್ತ ಹೋಗುತ್ತದೆ.

ಅನಿಲವನ್ನು ಪೀಣ್ಯದ ಕಡೆಯ ಗ್ಯಾಸ್ ವ್ಯಾಪಾರಿಗಳಿಂದ ತುಂಬಿಸಿಕೊಳ್ಳಬಹುದು. ಆಹಾರದರ್ಜೆಯದೇ ಬೇಕೆಂದು ಕೇಳಿ, ಬಿಲ್ಲಿನಲ್ಲಿಯೂ ಹಾಗೆಯೇ ಬರೆಸಿಕೊಳ್ಳಬೇಕು. ಸಿಲಿಂಡರಿನ ಹೆಗಲ ಮೇಲೆ ಒತ್ತಿರುವ ಖಾಲಿ ತೂಕವನ್ನೂ ಒತ್ತಡ ಪರೀಕ್ಷೆಯ ದಿನಾಂಕವನ್ನೂ ಓದಿ, ಪರೀಕ್ಷೆಯ ಅವಧಿ ಮುಗಿದಿದ್ದರೆ ಅದನ್ನು ಒಪ್ಪಿಕೊಳ್ಳಬಾರದು. ಅಗ್ಗವೆಂದು ಬೆಂಕಿ ನಂದಿಸುವ ಸಿಲಿಂಡರನ್ನು ಬಳಸುವವರಿದ್ದಾರೆ. ಅದರೊಳಗೆ ತಳದವರೆಗೆ ಇಳಿಬಿಟ್ಟ ಕೊಳವೆಯಿರುವುದರಿಂದ ಅನಿಲದ ಬದಲು ದ್ರವವೇ ಹೊರಬಂದು, ಸಿಲಿಂಡರಿನ ಒತ್ತಡವನ್ನು ಬೇಕಾದಷ್ಟಕ್ಕೆ ತಗ್ಗಿಸಿಕೊಡುವ ರೆಗ್ಯುಲೇಟರನ್ನು ಹಾಳುಮಾಡುತ್ತದೆ. ಇನ್ನೊಂದು ತೊಡಕು: ಹೊರದೇಶದಿಂದ ತರಿಸಿದ ರೆಗ್ಯುಲೇಟರಿನ ತಿರುಪು (ಥ್ರೆಡ್) ಇಲ್ಲಿನ ಸಿಲಿಂಡರಿನ ವಾಲ್ವಿಗೆ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸುವ ಹವ್ಯಾಸಿಗಳೂ ಇದೇ ಅನಿಲವನ್ನು ಬಳಸುತ್ತಾರಾದ್ದರಿಂದ ಇಂತಹ ಅಡಾಪ್ಟರ್ ಎಲ್ಲಿ ಸಿಗುತ್ತದೆಂಬುದು ಬಿಯರಿನವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ಮೀಟರಿನಿಂದ ತಿಳಿಯುವುದಿಲ್ಲ. ಒಳಗೆ ದ್ರವ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿದ್ದು, ದ್ರವ ಮುಗಿದ ಮೇಲೆ ದಿಢೀರನೆ ಇಳಿಯುತ್ತದೆ. ತೂಕ ಮಾಡುವುದೊಂದೇ ನಂಬಬಹುದಾದ ದಾರಿ. 20 ಲೀಟರ್ ಬಿಯರನ್ನು ಹೊರದೂಡಲು ಸುಮಾರು 70 ಗ್ರಾಂ ಅನಿಲ ಸಾಕು. ಆ ಲೆಕ್ಕದಲ್ಲಿ 5 ಕಿಲೋ ಸಿಲಿಂಡರ್ ವರ್ಷಗಟ್ಟಲೆ ಬರಬೇಕು. ಕೆಲವೇ ತಿಂಗಳಲ್ಲಿ ಖಾಲಿಯಾಯಿತೆಂದರೆ ಅದು ಬಿಯರಿಗೆ ಹೋಗಿಲ್ಲ, ಗಾಳಿಗೆ ಹೋಗಿದೆ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದರ ಜೊತೆಗೆ, ರಾತ್ರಿ ಸಿಲಿಂಡರಿನ ವಾಲ್ವನ್ನು ಮುಚ್ಚಿ ಬೆಳಗ್ಗೆ ರೆಗ್ಯುಲೇಟರಿನ ಮುಳ್ಳು ಇಳಿದಿದೆಯೇ ಎಂದು ನೋಡಬೇಕು.

ಈಗ ಒತ್ತಡ. ಬಿಯರಿನಲ್ಲಿ ಎಷ್ಟು ಅನಿಲ ಕರಗಿರುತ್ತದೆಂಬುದನ್ನು ತೀರ್ಮಾನಿಸುವುದು ಒಟ್ಟು ಒತ್ತಡ, ಆದರೆ ರೆಗ್ಯುಲೇಟರ್ ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಅದನ್ನು ಅಳೆಯುವುದು ಪಿಎಸ್‌ಐನಲ್ಲಿ, ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, ಬೆಂಗಳೂರಿನಲ್ಲಿ ಅದು ಸುಮಾರು 13.2. ಈ ಒಂದೂವರೆ ಪಿಎಸ್‌ಐ ಕೊರತೆಯನ್ನು ನಾವೇ ತುಂಬಿಕೊಡಬೇಕು. 4 ಡಿಗ್ರಿಯಲ್ಲಿ ಸಾಧಾರಣ ಲಾಗರ್ ಬಿಯರಿಗೆ ಕೋಷ್ಟಕ 12 ಪಿಎಸ್‌ಐ ಎಂದು ಹೇಳಿದರೆ ಇಲ್ಲಿ 13.5ಕ್ಕೆ ಇಡಬೇಕು. ಮಂಗಳೂರಿನಲ್ಲಿರುವ ಗೆಳೆಯರು ಕೋಷ್ಟಕವನ್ನು ಇದ್ದಂತೆಯೇ ಬಳಸಬಹುದು. ಕೊರತೆಯನ್ನು ತುಂಬದೆ ಬಿಟ್ಟರೆ ಮೊದಲ ದಿನ ಏನೂ ತಿಳಿಯದು. ದಿನ ಕಳೆದಂತೆ ಬಿಯರಿನಲ್ಲಿ ಕರಗಿದ್ದ ಅನಿಲ ಕೊಳವೆಯಲ್ಲಿಯೇ ಗುಳ್ಳೆಯಾಗಿ ಹೊರಬೀಳತೊಡಗುತ್ತದೆ, ಲೋಟಕ್ಕೆ ನೊರೆ ಬರುತ್ತದೆ, ನೊರೆ ಕಂಡವರು ಒತ್ತಡ ಹೆಚ್ಚಾಯಿತೆಂದು ಭಾವಿಸಿ ಇನ್ನೂ ತಗ್ಗಿಸುತ್ತಾರೆ, ಅದರಿಂದ ನೊರೆ ಮತ್ತಷ್ಟು ಹೆಚ್ಚುತ್ತದೆ. ಮನೆಯ ವ್ಯವಸ್ಥೆಗಳ ಬಗ್ಗೆ ನನ್ನನ್ನು ಕೇಳಿದವರ ದೂರುಗಳಲ್ಲಿ ಹೆಚ್ಚಿನವು ಈ ಸುಳಿಯಲ್ಲಿ ಸಿಕ್ಕವೇ ಆಗಿದ್ದವು.

ಕೆಗ್ಗಿನಿಂದ ನಲ್ಲಿಗೆ ಹೋಗುವ ಕೊಳವೆಯ ಕೆಲಸ ಬಿಯರನ್ನು ಸಾಗಿಸುವುದಷ್ಟೇ ಅಲ್ಲ, ದಾರಿಯಲ್ಲಿ ಆ ಒತ್ತಡವನ್ನು ಮೆಲ್ಲಗೆ ಇಳಿಸುವುದೂ ಹೌದು. ಒಳವ್ಯಾಸ ಸುಮಾರು 5 ಮಿಲಿಮೀಟರ್ ಇರುವ ಕೊಳವೆಯಾದರೆ 3 ಮೀಟರ್ ಉದ್ದದಿಂದ ಆರಂಭಿಸಿ, ಬಿಯರ್ ತೀರ ನಿಧಾನವಾಗಿ ಇಳಿಯುತ್ತಿದ್ದರೆ ಗೇಣು ಗೇಣಾಗಿ ಕತ್ತರಿಸುತ್ತ ಬರುವುದು ಲೇಸು. ಕೊಳವೆ ಹುಡುಕುತ್ತ ಎಸ್‌ಜೆಪಿ ರಸ್ತೆಗೆ ಹೋದಾಗ ಅಂಗಡಿಯವರು ಒಂದು ಸುರುಳಿಯನ್ನು ತೋರಿಸಿ, ನಾನು ಬಳಕೆ ಹೇಳಿದೊಡನೆ ಹಿಂದಕ್ಕೆ ಎಳೆದುಕೊಂಡು, “ಬೇಡ ಸಾರ್, ಇದು ಸರ್ವೀಸ್ ಸ್ಟೇಷನ್‌ಗೆ ಹೋಗೋ ಮಾಲು, ಬಾಯಿಗೆ ಹೋಗೋದಕ್ಕೆ ಆಗಲ್ಲ” ಎಂದರು. ಅಂತಹ ಪ್ರಾಮಾಣಿಕತೆ ಎಲ್ಲ ಅಂಗಡಿಗಳಲ್ಲಿ ಸಿಗುವುದೆಂದು ನಂಬಿ ಕೂರದೆ, ಆಹಾರದರ್ಜೆಯ ಗುರುತು ಕೊಳವೆಯ ಮೈಮೇಲೆಯೇ ಮುದ್ರಿತವಾಗಿದೆಯೇ ಎಂದು ನೋಡಬೇಕು. ನಲ್ಲಿ, ಅದನ್ನು ಕೊಳವೆಗೆ ಸೇರಿಸುವ ಶ್ಯಾಂಕ್, ಜೋಡಣೆಗಳೆಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಕ್ರೋಮ್ ಲೇಪಿಸಿದ ಹಿತ್ತಾಳೆಯ ಲೇಪ ಸವೆದ ಮೇಲೆ ಹುಳಿಗುಣದ ಬಿಯರ್ ಲೋಹವನ್ನು ತಿನ್ನುತ್ತದೆ. ಕೆಗ್ಗಿನ ತಲೆಗೆ ಕೂರುವ ಕಪ್ಲರಿನಲ್ಲಿಯೂ ಎ, ಡಿ, ಎಸ್ ಎಂದು ಹಲವು ಬಗೆಗಳಿರುವುದರಿಂದ, ತಮ್ಮ ಕೆಗ್ಗಿನದು ಯಾವುದೆಂದು ಬ್ರೂವರಿಯವರನ್ನು ಕೇಳುವ ಮೊದಲು ಅದನ್ನು ಕೊಳ್ಳುವುದು ವ್ಯರ್ಥ.

ಬಡಿಸುವ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಲ್ಲಿಯನ್ನು ಅರ್ಧ ತೆರೆಯದೆ ಒಮ್ಮೆಲೇ ಪೂರ್ತಿ ತೆರೆಯಬೇಕು, ಲೋಟವನ್ನು ಓರೆಯಾಗಿ ಹಿಡಿದು ಕೊನೆಗೆ ನೆಟ್ಟಗೆ ಮಾಡಬೇಕು, ಒಂದಂಗುಲ ನೊರೆ ಇರಬೇಕು. ಲೋಟದಲ್ಲಿ ತುಪ್ಪ, ಎಣ್ಣೆಗಳ ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ. ಆದ್ದರಿಂದ ಬಿಯರಿನ ಲೋಟಗಳನ್ನೂ ಅವುಗಳನ್ನು ಉಜ್ಜುವ ಸ್ಕ್ರಬ್ಬರನ್ನೂ ನಮ್ಮ ಮನೆಯಲ್ಲಿ ಅಡುಗೆ ಪಾತ್ರೆಗಳಿಂದ ಬೇರೆಯಾಗಿಯೇ ಇಡುತ್ತೇವೆ.

ತೊಳೆಯುವ ಕೆಲಸಕ್ಕೆ ಬರುತ್ತೇನೆ. ಈ ಹವ್ಯಾಸದ ನಿಜವಾದ ಬೆಲೆ ಇಲ್ಲಿದೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಟಿಸಿರುವ ಡ್ರಾಫ್ಟ್ ಗುಣಮಟ್ಟದ ಕೈಪಿಡಿ 14 ದಿನಕ್ಕೊಮ್ಮೆ ಕೊಳವೆಗಳನ್ನು ಕಾಸ್ಟಿಕ್ ದ್ರಾವಣದಿಂದ ತೊಳೆಯಬೇಕೆಂದೂ, ನಲ್ಲಿಯನ್ನು ಆಗಲೇ ಬಿಚ್ಚಿ ಉಜ್ಜಬೇಕೆಂದೂ, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಬೇಕೆಂದೂ ಹೇಳುತ್ತದೆ. ಪಬ್ಬಿನಲ್ಲಿ ದಿನವಿಡೀ ಬಿಯರ್ ಹರಿಯುತ್ತಿರುತ್ತದೆ. ಮನೆಯಲ್ಲಿ ಅದು ಕೊಳವೆಯಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಹೀಗಾಗಿ ಮನೆಯವರು ಈ ಅವಧಿಯನ್ನು ಸಡಿಲಿಸಿಕೊಳ್ಳಲು ಯಾವ ಕಾರಣವೂ ಇಲ್ಲ. ತೊಳೆಯದ ಕೊಳವೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೊಕಾಕಸ್ ಬ್ಯಾಕ್ಟೀರಿಯಾಗಳು ಬೇರೂರಿದರೆ ಬಿಯರಿಗೆ ಹುಳಿಯೂ ಬೆಣ್ಣೆಯ ವಾಸನೆಯೂ ಬರುತ್ತವೆ. ಗಾಳಿ ತಾಗುವ ನಲ್ಲಿಯ ಬಾಯಿಯಲ್ಲಿ ಅಸಿಟೋಬ್ಯಾಕ್ಟರ್ ಬೆಳೆದರೆ ವಿನೆಗರಿನ ಘಾಟು. ಕೆಗ್ಗಿನ ಬಿಯರ್ ಕೆಟ್ಟಿದೆಯೆಂದು ಬ್ರೂವರಿಯನ್ನು ದೂರುವ ಮೊದಲು ನಲ್ಲಿಯ ಬಾಯಿಗೆ ಬೆರಳು ಹಾಕಿ ಮೂಸಿ ನೋಡುವುದು ಒಳ್ಳೆಯದು.

ನಾನು ಅನುಸರಿಸುವ ಕ್ರಮ ಇದು. ಮೊದಲು ಬೆಚ್ಚಗಿನ ನೀರನ್ನು ಹಾಯಿಸಿ ಬಿಯರನ್ನೆಲ್ಲ ಹೊರಹಾಕುತ್ತೇನೆ. ಲೀಟರಿಗೆ 20 ಗ್ರಾಂನಂತೆ, ಎಂದರೆ ನೂರಕ್ಕೆ ಎರಡರಷ್ಟು ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸುತ್ತೇನೆ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ, ಆದ್ದರಿಂದ ಈ ಕ್ರಮವನ್ನು ಎಂದೂ ತಿರುವುಮುರುವು ಮಾಡಬಾರದು. ಪಾತ್ರೆ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಇರಬೇಕು, ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಅದನ್ನು ತಿಂದು ಜಲಜನಕವನ್ನು ಹೊರಬಿಡುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಡಬ್ಬಿಯ ಮುಚ್ಚಳವನ್ನೇ ತೆರೆಯುವುದಿಲ್ಲ, ಮಕ್ಕಳು ಶಾಲೆಗೆ ಹೋದ ಸಮಯವನ್ನೇ ಇದಕ್ಕೆ ಆರಿಸಿಕೊಳ್ಳುತ್ತೇನೆ. 40 ಡಿಗ್ರಿಯ ಆಸುಪಾಸಿನ ಆ ದ್ರಾವಣವನ್ನು ಅಕ್ವೇರಿಯಂನ ಸಣ್ಣ ಪಂಪಿನಿಂದ ಕನಿಷ್ಠ 15 ನಿಮಿಷ ಸುತ್ತಾಡಿಸುತ್ತೇನೆ. ಪಂಪ್ ಇಲ್ಲದವರು ಕೊಳವೆಯಲ್ಲಿ ತುಂಬಿಸಿ 20 ನಿಮಿಷ ನಿಲ್ಲಿಸಬಹುದು. ಆಮೇಲೆ ಧಾರಾಳವಾಗಿ ತಣ್ಣೀರು ಹಾಯಿಸಿ, ಹೊರಬರುವ ನೀರಿನ ಪಿಎಚ್ ಒಳಗೆ ಹೋದ ನೀರಿನದಕ್ಕೆ ಸಮನಾಗಿದೆಯೆಂದು ಕಾಗದದ ಪಟ್ಟಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ಕೆಗ್ಗನ್ನು ಮತ್ತೆ ಜೋಡಿಸುತ್ತೇನೆ. ಮೂರು ಮೀಟರ್ ಕೊಳವೆಯಲ್ಲಿ ಹಿಡಿಯುವುದು ಸುಮಾರು 60 ಮಿಲಿಲೀಟರ್, ಬಾರಿನ ಲೆಕ್ಕದಲ್ಲಿ ಒಂದು ಲಾರ್ಜ್. ಹಾಗಾಗಿ ಎರಡು ಲೀಟರ್ ದ್ರಾವಣ ಬೇಕಾದಷ್ಟಾಗುತ್ತದೆ. ಬ್ಲೀಚಿಂಗ್ ಪುಡಿಯನ್ನೋ ಬಟ್ಟೆಗೆ ಹಾಕುವ ಕ್ಲೋರಿನ್ ದ್ರವವನ್ನೋ ಬಳಸುವಂತಿಲ್ಲ, ಅವು ಸ್ಟೀಲಿನಲ್ಲಿ ಸಣ್ಣ ಕುಳಿಗಳನ್ನು ಮಾಡುತ್ತವೆ ಮತ್ತು ವಾಸನೆ ಕೊಳವೆಯಲ್ಲಿಯೇ ಕೂತುಬಿಡುತ್ತದೆ.

ಇಲ್ಲಿಯೂ ನಮ್ಮ ನೀರು ತಲೆಹಾಕುತ್ತದೆ. ಗಡಸು ನೀರಿಗೆ ಕಾಸ್ಟಿಕ್ ಬೆರೆಸಿದರೆ ಅದರಲ್ಲಿನ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ಕೆಳಗಿಳಿದು, ಗೀಸರಿನ ಕಾಯಿಲಿನ ಮೇಲೆ ಕೂರುವ ಬಿಳಿಯ ಪದರವೇ ಕೊಳವೆಯೊಳಗೂ ಕೂರುತ್ತದೆ. ಬಿಯರಿನಲ್ಲಿಯೇ ಇರುವ ಆಕ್ಸಲೇಟ್ ಕ್ಯಾಲ್ಸಿಯಂನೊಡನೆ ಸೇರಿ ಕಟ್ಟುವ ಬಿಯರ್‌ಸ್ಟೋನ್ ಎಂಬ ಗಾರು ಇದಕ್ಕೆ ಜೊತೆಯಾದರೆ, ಬ್ಯಾಕ್ಟೀರಿಯಾಗಳು ಅಡಗಿ ಕೂರಲು ಒಳ್ಳೆಯ ಜಾಗವಾಗುತ್ತದೆ. ಕಾಸ್ಟಿಕ್ ಎಷ್ಟು ಹಾಯಿಸಿದರೂ ಇದು ಹೋಗುವುದಿಲ್ಲ, ಆಮ್ಲವೇ ಬೇಕು. ದ್ರಾವಣಗಳಿಗೆಲ್ಲ ಆರ್‌ಒ ನೀರನ್ನೇ ಬಳಸುವುದು ನಾನು ಕಂಡುಕೊಂಡ ಪರಿಹಾರ. ಫಾಸ್ಫಾರಿಕ್ ಆಮ್ಲ ಆಧಾರಿತ ಸ್ಯಾನಿಟೈಸರ್ ಕೂಡ ಬೋರ್‌ವೆಲ್ ನೀರಿನಲ್ಲಿ ಕದಡಿಕೊಳ್ಳುತ್ತದೆ, ಆರ್‌ಒ ನೀರಿನಲ್ಲಿ ತಿಳಿಯಾಗಿ ಉಳಿಯುತ್ತದೆ. ಕಾಸ್ಟಿಕ್ ಮತ್ತು ಆಮ್ಲದ ತೊಳೆತಗಳನ್ನು ಒಂದರ ಬೆನ್ನಿಗೆ ಇನ್ನೊಂದು ಮಾಡುವುದಾದರೆ ನಡುವೆ ಚೆನ್ನಾಗಿ ನೀರು ಹಾಯಿಸಲೇಬೇಕು.

ಬಿಯರಿನ ಬಾಳಿಕೆಯ ಬಗ್ಗೆ ಒಂದು ಮಾತು. ಮೈಕ್ರೋಬ್ರೂವರಿಗಳ ಬಿಯರ್ ಸಾಮಾನ್ಯವಾಗಿ ಪಾಶ್ಚರೀಕರಿಸಿದ್ದಲ್ಲ. ಸದಾ ತಣ್ಣಗಿದ್ದರೆ ಅಂತಹ ಕೆಗ್ ಒಂದೂವರೆ ತಿಂಗಳಿಂದ ಎರಡು ತಿಂಗಳು ಬರುತ್ತದೆ. ಕೈಯಿಂದ ಗಾಳಿ ಹೊಡೆಯುವ ಪಾರ್ಟಿ ಪಂಪ್ ಬಳಸಿದರೆ ಒಳಹೋದ ಆಮ್ಲಜನಕದಿಂದಾಗಿ ಒಂದು ದಿನದೊಳಗೆ ಮುಗಿಸಬೇಕು. ಇಂದಿರಾನಗರದಿಂದ ವೈಟ್‌ಫೀಲ್ಡಿನವರೆಗೆ ಇಷ್ಟೊಂದು ಬ್ರೂಪಬ್ಬುಗಳಿರುವಾಗ ದೊಡ್ಡ ಕೆಗ್ಗನ್ನು ತಂದು ಹಳಸುವವರೆಗೆ ಕಾಯುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ನಮ್ಮ ಪೆಟ್ಟಿಗೆಗೆ ಎರಡನೆಯ ನಲ್ಲಿಯೊಂದಿದೆ, ಅದರಲ್ಲಿ ಬರುವುದು ಸೋಡಾ. ಮುಚ್ಚಳ ತೆಗೆದು ನಾವೇ ತುಂಬಬಹುದಾದ, ಕಾರ್ನಿ ಎಂಬ ಬಗೆಯ 19 ಲೀಟರಿನ ಕೆಗ್ಗಿಗೆ ಆರ್‌ಒ ನೀರು ತುಂಬಿ, ಬೇರೆ ರೆಗ್ಯುಲೇಟರಿನಿಂದ 30 ಪಿಎಸ್‌ಐ ಕೊಟ್ಟು, ಬಿಯರಿನದಕ್ಕಿಂತ ಎರಡರಷ್ಟು ಉದ್ದದ ಕೊಳವೆ ಹಾಕಿದ್ದೇನೆ. ಇದರ ದಾರಿಯಲ್ಲಿ ತಾಮ್ರವಾಗಲಿ ಹಿತ್ತಾಳೆಯಾಗಲಿ ಇರಕೂಡದು, ಅನಿಲ ತುಂಬಿದ ನೀರು ತಾಮ್ರವನ್ನು ಕರಗಿಸುತ್ತದೆ. ಬೇಸಿಗೆಯಲ್ಲಿ ಅಮ್ಮ ಸೊಗದೆ ಬೇರಿನ ಶರಬತ್ತಿಗೂ ನಿಂಬೆಹಣ್ಣಿಗೂ ಇದನ್ನೇ ಬೆರೆಸುತ್ತಾರೆ, ಮನೆಗೆ ಬಂದ ನೆಂಟರಿಗೂ ಅದನ್ನೇ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಬಿಯರಿನ ನಲ್ಲಿಗಿಂತ ಸೋಡಾದ ನಲ್ಲಿಯೇ ಹೆಚ್ಚು ದುಡಿಯುತ್ತದೆ, ಇಡೀ ವ್ಯವಸ್ಥೆಗೆ ಮನೆಯವರ ಒಪ್ಪಿಗೆ ಸಿಕ್ಕಿದ್ದೂ ಅದರಿಂದಲೇ.

ಹಬ್ಬಕ್ಕೋ ರಜೆಗೋ ಊರಿಗೆ ಹೊರಡುವಾಗ ಸಿಲಿಂಡರಿನ ವಾಲ್ವನ್ನು ಮುಚ್ಚಿ, ಎರಡೂ ಕೊಳವೆಗಳನ್ನು ತೊಳೆದು ಒಣಗಿಸಿ, ನಲ್ಲಿಗಳನ್ನು ಬಿಚ್ಚಿ ಒಳಗಿಡುತ್ತೇನೆ. ಪ್ಲಾಸ್ಟಿಕ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ರಬ್ಬರ್ ವಾಷರುಗಳನ್ನು ಬಿರುಕು ಕಂಡೊಡನೆ. ಹಳೆಯ ಕೊಳವೆಯನ್ನು ಬಿಸಾಡದೆ ಸೋಡಾದ ನಲ್ಲಿಗೆ ಹಾಕಿಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಒಮ್ಮೆ ಬಿಯರ್ ಹರಿದ ಕೊಳವೆಯಿಂದ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ವಾಸನೆ ಹೋಗುವುದಿಲ್ಲ, ಅಮ್ಮನ ಶರಬತ್ತಿನಲ್ಲಿ ಅದು ಬರುವುದು ಬೇಡ.